ಎಡಗಡೆಯ ವೈಪರ್

ಟಲ್ಲಿ ಪಟ್ಟಣದ ಕಾರು ಬಿಡಿಭಾಗದ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಹೊರಗೆ ಮಳೆ. ನನ್ನ ಮುಂದೆ ಕಬ್ಬು ಬೆಳೆಯುವ ಮರ್ವಿನ್, ಕೌಂಟರಿನಲ್ಲಿ ಲೋರ್ನಾ.

“ವೈಪರ್ ಕಿರುಗುಟ್ಟುತ್ತೆ ಲೋರ್ನಾ, ರಾತ್ರಿ ಕೂಗೋ ಕರ್ಲೂ ಹಕ್ಕಿ ಥರ.”

ಕರ್ಲೂ ಕೂಗಿದರೆ ಸಾವು ಹತ್ತಿರವಿದೆ, ಬಾಗಿಲು ಹಾಕಿಕೋ ಎನ್ನುತ್ತಿದ್ದಳು ನನ್ನಜ್ಜಿ.

“ಗಾಜು ತೊಳೆದ್ಯಾ, ಇಲ್ಲಾ ಮಳೆಗೇ ಬಿಟ್ಯಾ?”

“ಸ್ಪಿರಿಟ್ ಹಾಕಿ ಒರೆಸ್ದೆ. ಕಡ್ಡಿನೂ ಸೊಟ್ಟಗಿಲ್ಲ.”

“ಹಾಗಾದ್ರೆ ರಬ್ಬರು ಬಿಸಿಲಿಗೆ ಸೆಟ್ಕೊಂಡಿದೆ. ಯಾವ ಕಡೇದು?”

“ಎಡಗಡೆ, ನನ್ನ ಹೆಂಡ್ತಿ ಕೂರೋ ಕಡೆ. ಪ್ರತಿ ಸಲ ಆಸ್ಪತ್ರೆಯಿಂದ ಬರೋವಾಗ ದಾರಿಯುದ್ದಕ್ಕೂ ಅವಳಿಗೆ ನಿದ್ದೆ ಇಲ್ಲ.”

“ಈ ಸಿಲಿಕೋನ್‌ದು ತಗೋ. ಎರಡು ಮಳೆಗಾಲ ಬಾಳುತ್ತೆ.”

“ಅಷ್ಟೆಲ್ಲ ಬಾಳೋದು ಬೇಡ. ಇವತ್ತೊಂದಿನ ಸದ್ದು ಮಾಡದಿದ್ರೆ ಸಾಕು.”

“ಯಾಕೋ?”

“ಇನ್ನು ಔಷಧಿ ಕೊಟ್ಟು ಉಪಯೋಗ ಇಲ್ಲ, ಮನೆಗೆ ಕರ್ಕೊಂಡು ಹೋಗು ಅಂದ್ರು ಡಾಕ್ಟ್ರು. ಟೌನ್ಸ್‌ವಿಲ್‌ಗೆ ಹೊರಟಿದೀನಿ, ಅವಳನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋಕೆ.”

ಲೋರ್ನಾ ಸಿಲಿಕೋನಿನದನ್ನು ಮತ್ತೆ ಮೊಳೆಗೆ ತೂಗುಹಾಕಿದಳು.

“ಅದು ಹೊಸದ್ರಲ್ಲಿ ಒಮ್ಮೊಮ್ಮೆ ಕಿರುಗುಟ್ಟುತ್ತೆ. ಈ ಅಗ್ಗದ್ದು ಮೆತ್ತಗಿದೆ. ಬಾ, ನಾನೇ ಹಾಕ್ತೀನಿ.”

“ನೆನೀತೀಯ.”

“ನೆನೆದ್ರೆ ಒಣಗ್ತೀನಿ, ನಡಿ.”

ಇಬ್ಬರೂ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಕಾರು ಬಾಗಿಲ ಮುಂದಿನಿಂದ ಹಾದು ದಕ್ಷಿಣಕ್ಕೆ, ಟೌನ್ಸ್‌ವಿಲ್ ಕಡೆಗೆ ತಿರುಗಿತು. ಎಡಗಡೆಯ ಖಾಲಿ ಸೀಟಿನ ಮುಂದೆ ವೈಪರ್ ಸದ್ದಿಲ್ಲದೆ ಹೋಗಿ ಬರುತ್ತಿತ್ತು.