ಮೂರು ಮಳೆಯ ಕಂಬಳಿ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿ. ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿಯವರಿಗೆ ಬೇಜಾರು.

ಆ ಸೀಮೆಯಲ್ಲಿ ಒಂದು ಕಟ್ಟಳೆ. ಮದುವೆಯಲ್ಲಿ ಗಂಡು ಹೆಣ್ಣಿಗೆ ಕಂಬಳಿ ಹೊದಿಸಿ, "ಈ ಕಂಬಳಿ ಇರೋವರೆಗೂ ನೀನು ನನ್ನವಳು" ಅನ್ನಬೇಕು. ಕಂಬಳಿ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಆ ಮಾತಿಗೂ ಕೊನೆ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಕಂಬಳಿ ನೇಯುವವನು ಮಾಳಿಂಗ. ಅವನು ನೇಯ್ದದ್ದು ಎಷ್ಟು ಗಟ್ಟಿಯೆಂದರೆ, ಅಜ್ಜ ಹೊದಿಸಿದ ಕಂಬಳಿಯನ್ನೇ ಮೊಮ್ಮಗನೂ ಹೊದಿಸುತ್ತಿದ್ದ. ಊರೆಲ್ಲ ಹೊಗಳಿತು. ಕೊಳ್ಳುವವರು ಯಾರು? ಹೊಗಳಿಕೆಯನ್ನು ಬೇಯಿಸಿದರೆ ಅಂಬಲಿಯಾಗುತ್ತದೆಯೇ, ನೀವೇ ಹೇಳಿ.

ಕಂಬಳಿ ಅಂಗಡಿಯ ಸಾಹುಕಾರ ಬಂದ.

"ಮಾಳಿಂಗಣ್ಣ, ನಿನ್ನ ಕಂಬಳಿಗೊಂದು ರೋಗ ಇದೆ."

"ಏನು ರೋಗ, ಸಾಹುಕಾರ್ರೆ?"

"ಸಾಯೋದೇ ಇಲ್ಲ! ಉಣ್ಣೆ ಕಮ್ಮಿ ಮಾಡು, ಹುಣಸೆಬೀಜದ ಅಂಟು ಜಾಸ್ತಿ ಬಳಿ. ಅಂಗಡೀಲಿ ಮುಟ್ಟಿದರೆ ಗಟ್ಟಿ. ಮೂರು ಮಳೆಗಾಲ ಕಳೀಲಿ, ಮತ್ತೆ ನಮ್ಮ ಬಾಗಿಲಿಗೇ ಬರ್ತಾರೆ."

ಮೊದಲ ಸಲ ಮಾಳಿಂಗ ಬೈದು ಕಳಿಸಿದ. ಎರಡನೇ ಸಲ ಕೂರಿಸಿ ಕೇಳಿದ. ಮೂರನೇ ಸಲ ಒಳಗೆ ಮಗಳು ಸಿದ್ದವ್ವ ಬರೀ ಮಡಕೆ ಕೆರೆಯುತ್ತಿದ್ದಳು. ಮಾಳಿಂಗ ಹೂಂ ಎಂದು ತಲೆಯಾಡಿಸಿದ.

ಹರಿದಾಗಲೆಲ್ಲ ಗಂಡಂದಿರು ಹೊಸದು ಕೊಂಡು ಹೊದಿಸಿದರು, ಮಡಕೆ ತುಂಬಿತು. ಸಿದ್ದವ್ವ ಬೆಳೆದಳು. ಕುರಿ ಕಾಯುವ ಬೀರಣ್ಣನ ಜೊತೆ ಮದುವೆ ಗೊತ್ತಾಯಿತು. ಗಂಡಿನವರು ಸಾಹುಕಾರನ ಅಂಗಡಿಯಿಂದಲೇ ಹೊಸ ಕಂಬಳಿ ತಂದರು. ಹೆಣ್ಣಿನಪ್ಪ ಮುಟ್ಟಿ "ಗಟ್ಟಿ" ಅನ್ನಬೇಕು. ಮಾಳಿಂಗ ಮುಟ್ಟಿದ. ತಾನೇ ನೇಯ್ದದ್ದು. ಬೆರಳಿಗೆ ಅಂಟು ಗೊತ್ತಾಯಿತು.

ಪಕ್ಕದಲ್ಲಿದ್ದ ಸಾಹುಕಾರ ಕಿವಿಯಲ್ಲಿ ಅಂದ: "ಕಂಬಳಿ ಮೇಲೆ ಕೂತು ಉಣ್ಣೋನು ಕೂದಲು ಬಂತು ಅನ್ನಬಾರದಪ್ಪ."

"ಗಟ್ಟಿ" ಅಂದ ಮಾಳಿಂಗ. ಇನ್ನೇನು ಅಂದಾನು?

ಕೇಳಿ. ಮೊದಲ ಮಳೆಗೆ ಅಂಟು ಕರಗಿ ಹರಿಯಿತು. ಸಿದ್ದವ್ವ ನೆರಳಲ್ಲಿ ಒಣಗಿಸಿದಳು. ಎರಡನೇ ಮಳೆಗೆ ಎಳೆ ಬಿಟ್ಟಿತು; ಸೆರಗಿನ ದಾರ ಎಳೆದು ಹೊಲಿದಳು. ಮೂರನೇ ಮಳೆಗೆ ಹೊಲಿಯಲು ಕಂಬಳಿಯೇ ಇರಲಿಲ್ಲ.

ಬೀರಣ್ಣ ಜಗಳವಾಡಲಿಲ್ಲ. ಹಿರಿಯರ ಮುಂದೆ ನಿಂತು, "ನಾನು ಕೊಟ್ಟ ಮಾತು ಮುಗೀತು. ತಪ್ಪಿದ್ದರೆ ಹೇಳಿ" ಅಂದ. ಹಿರಿಯರು ಹುಡುಕಿದರು. ತಪ್ಪು ಸಿಗಲಿಲ್ಲ. ಕಟ್ಟಳೆ ಕಟ್ಟಳೆಯೇ. ಅಂದಿನಿಂದ ಊರಿನ ಗಂಡುಗಳು ಬೇಕೆಂದೇ ಮೂರು ಮಳೆಯದನ್ನು ಕೊಳ್ಳತೊಡಗಿದರು.

ಸಿದ್ದವ್ವ ಒಂದು ಹಿಡಿ ಚಿಂದಿ ಹಿಡಿದು ತವರಿಗೆ ಬಂದಳು.

"ಅಪ್ಪಾ, ಚಪ್ಪರದಲ್ಲಿ ನೀನು ಇದನ್ನ ಮುಟ್ಟಿದ್ದೆ."

"ಹೂಂ, ಮಗಾ."

"ನಿನ್ನ ಕೈಗೆ ಗೊತ್ತಾಗಲಿಲ್ವಾ?"

ಮಾಳಿಂಗ ಚಿಂದಿಯನ್ನು ಬೆರಳಲ್ಲಿ ಹೊಸೆದ.

"ಗೊತ್ತಾಗಲಿಲ್ಲ ಅಂತ ಸುಳ್ಳಾದರೂ ಹೇಳಪ್ಪಾ."

ಮಾಳಿಂಗ ಎದ್ದು ಮಗ್ಗಕ್ಕೆ ಕೂತ. ಹಳೇ ಕಾಲದಂತೆ, ಉಣ್ಣೆಗೆ ಮೋಸವಿಲ್ಲದಂತೆ ಒಂದು ಕಂಬಳಿ ನೇಯ್ದು, ಹೆಗಲ ಮೇಲೆ ಹೊತ್ತು ಅಳಿಯನ ಹಟ್ಟಿಗೆ ನಡೆದ.

"ತಪ್ಪು ನಂದು, ಬೀರಣ್ಣ. ಇದನ್ನ ಅವಳಿಗೆ ಹೊದಿಸಿ ಕರ್ಕೊಂಡು ಬಾ."

ಬೀರಣ್ಣ ಕಂಬಳಿ ಸವರಿದ. ಎಳೆದು ನೋಡಿದ. ಬಿಸಿಲಿಗೆ ಹಿಡಿದ.

"ಇದು ಎಷ್ಟು ಕಾಲ ಬಾಳುತ್ತೆ, ಮಾವ?"

"ನಿಮ್ಮಿಬ್ಬರಿಗಿಂತ ಹೆಚ್ಚು."

ಬೀರಣ್ಣ ಅದನ್ನು ಮರ್ಯಾದೆಯಿಂದ ಮಡಚಿ ಮಾವನ ಕೈಗಿಟ್ಟ.

"ಅಷ್ಟು ದೊಡ್ಡ ಮಾತು ಈಗ ಯಾರೂ ಕೊಡಲ್ಲ, ಮಾವ. ಮೂರು ಮಳೆಯದು ಇದ್ದರೆ ತನ್ನಿ, ನೋಡೋಣ."

ಅವರು ಅಲ್ಲಿ ನಡುಗುತ್ತಿದ್ದಾರೆ, ನಾವು ಇಲ್ಲಿ ಹೊದ್ದು ಕೂತಿದ್ದೇವೆ. ಹೊದಿಕೆ ಎಲ್ಲಿಂದ ತಂದಿರಿ ಎಂದು ನಾನು ಕೇಳುವುದಿಲ್ಲ. ಕಥೆ ಮುಗಿಯಿತು, ಏಳಿ.