ಪಾನಕದ ಸಾಲಿನಲ್ಲಿ ಪಿಚರ್‌ನ ತಾಯಿ

ಒಮಾಹಾದ ಕಾಲೇಜು ಬೇಸ್‌ಬಾಲ್ ಪಂದ್ಯಾವಳಿಯಲ್ಲಿ ನಿಂಬೆ ಪಾನಕದ ಸಾಲಿಗೆ ನಿಂತಿದ್ದ ಲೊರೇನಳ ಮುಂದೆ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದರು. ಅಕ್ಕನ ಮಗ ಕೋಲ್ಟನ್ ಆವತ್ತಿನ ಪಿಚರ್, ಅಂದರೆ ಬ್ಯಾಟುಗಾರರಿಗೆ ಚೆಂಡೆಸೆಯುವವನು. ಅಕ್ಕನ ಎರಡೂ ಕೈಯಲ್ಲಿ ತುಂಬಿದ ಲೋಟಗಳಿದ್ದವು.

“ಮತ್ತೆ ಪಾನಕಾನಾ, ಅಕ್ಕಾ? ಕೈಯಲ್ಲಿರೋದನ್ನೇ ಕುಡಿದಿಲ್ಲ.”

“ಕುಡಿಯೋಕಲ್ಲ ಕಣೇ. ನಾನು ಸೀಟಲ್ಲಿ ಕೂತ್ರೆ ಸಾಕು, ಕೋಲ್ಟನ್ ಎಸೆದ ಚೆಂಡನ್ನೆಲ್ಲ ಅವರು ಚಚ್ಚಿಹಾಕ್ತಾರೆ. ಎದ್ದು ಬಂದೆ ನೋಡು, ಆಮೇಲೆ ಒಬ್ಬನ ಬ್ಯಾಟಿಗೂ ಸಿಕ್ಕಿಲ್ಲ.”

“ಯಾರು ಹೇಳಿದ್ದು?”

“ನಿನ್ನ ಭಾವ. ಅವರೇ ಎಬ್ಬಿಸಿ ಕಳಿಸಿದ್ದು.”

“ಚೆನ್ನಾಗಿದೆ! ಅಷ್ಟು ದೂರ ಕಾರು ಓಡಿಸ್ಕೊಂಡು ಬಂದು ಮಗನ ಆಟ ನೋಡೋದು ಬೇಡ್ವಾ?”

“ನೋಡೋಕೆ ಊರು ತುಂಬ ಜನ ಇದ್ದಾರೆ. ಗೆಲ್ಲಿಸೋಕೆ ನಾನೊಬ್ಬಳೇ.”

ಲೊರೇನಳಿಗೆ ತಡೆಯಲಾಗಲಿಲ್ಲ. ದನಿಗೆ ಜೇನು ಸವರಿಕೊಂಡು ಹೇಳಿದಳು: “ಹೆತ್ತ ತಾಯಿ ನೋಡದಿದ್ರೆ ಹೇಗಮ್ಮಾ? ಹೋಗಿ, ಕೂತ್ಕೊಳ್ಳಿ. ನಿಮ್ಮ ಪಾನಕ ನಾನು ತಂದ್ಕೊಡ್ತೀನಿ.”

ತಂಗಿ ತಿರುಗಿ, ಲೊರೇನಳ ತಲೆಯ ಮೇಲಿದ್ದ ಎದುರು ತಂಡದ ಟೋಪಿ ನೋಡಿದಳು.

“ನಿಮ್ಮೋರು ಯಾರಾದ್ರೂ ಆಡ್ತಿದ್ದಾರಾ?”

“ಮೊಮ್ಮಗ. ಈಗ ಬ್ಯಾಟ್ ಹಿಡಿಯೋನು ಅವನೇ.”

ಅಕ್ಕ ಗೊಳ್ಳೆಂದು ನಕ್ಕು, ಒಂದು ಲೋಟವನ್ನು ಲೊರೇನಳ ಕೈಗಿಟ್ಟಳು.

“ಹಾಗಾದ್ರೆ ನೀವ್ಯಾಕೆ ಇಲ್ಲಿ ನಿಂತಿದ್ದೀರಿ? ಹೋಗಿ, ಆರಾಮಾಗಿ ಸೀಟಲ್ಲಿ ಕೂತು ನೋಡಿ!”

ತಂಗಿಯ ತೋಳು ಹಿಡಿದುಕೊಂಡು ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತಳು.