ಡಿಸ್ಕ್‌ಗೆ ಹಿಡಿಸದ ಮೂರನೆಯ ಭಾಗ

ಅಂಧ ಓದುಗರ ಗ್ರಂಥಾಲಯದಲ್ಲಿ ಧ್ವನಿಮುದ್ರಣದ ಕೆಲಸ ಮಾಡುವ, 57 ವರ್ಷ ವಯಸ್ಸಿನ, ಅದೇ ಕಟ್ಟಡದ ಹಿಂದಿನ ಓಣಿಯಲ್ಲಿ ಎರಡನೆಯ ಮಹಡಿಯ ವಾಸಿಯಾದ ನಾನು, ಠಾಣೆಯಲ್ಲಿ ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

ನನ್ನ ಅಕ್ಕ ನಿವೃತ್ತ ಶಿಕ್ಷಕಿ, ವಯಸ್ಸು 63. ತಾನೇ ಅನುವಾದಿಸಿದ ಕಾದಂಬರಿಯನ್ನು ನಮ್ಮ ಗ್ರಂಥಾಲಯಕ್ಕಾಗಿ ಏಳು ವಾರ ಓದಿದಳು. ಒಟ್ಟು 21 ಗಂಟೆ. ನಾಳೆ ಬೆಳಿಗ್ಗೆ 8ಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಅವಳ ಧ್ವನಿಪೆಟ್ಟಿಗೆ ತೆಗೆಯುತ್ತಾರೆ.

ಇಂದು ಬೆಳಿಗ್ಗೆ 10.15ಕ್ಕೆ ನಾನು ಇಡೀ ಓದನ್ನು ಒಂದೇ ಕಡತವಾಗಿ ಜೋಡಿಸಿದೆ. ಗಾತ್ರ 10.9 ಜಿಬಿ. ಅದನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಲು ಹೋದಾಗ ಆಗಲಿಲ್ಲ. ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ಹಳೆಯ ಕ್ರಮದಲ್ಲಿ ಸಿದ್ಧಪಡಿಸಿದ ಡಿಸ್ಕ್ ಆದ್ದರಿಂದ 4 ಜಿಬಿ ಮೀರಿದ ಯಾವ ಕಡತವನ್ನೂ ಅದು ತೆಗೆದುಕೊಳ್ಳುವುದಿಲ್ಲ. ಸಮನಾಗಿ ತುಂಡು ಮಾಡೋಣವೆಂದೆ. ವಾಕ್ಯದ ನಡುವೆ ಕತ್ತರಿ ಹಾಕಿದರೆ ಕೈ ಮುರೀತೀನಿ ಅಂತ ಅಕ್ಕ ಹೇಳಿದಳು. ಆದ್ದರಿಂದ ಪುಸ್ತಕದಲ್ಲಿರುವಂತೆ ಮೂರು ಭಾಗ ಮಾಡಿದೆ. ಮೊದಲ ಎರಡು, 3.1 ಮತ್ತು 3.2 ಜಿಬಿ, ನಕಲಾದವು. ಮೂರನೆಯದು 4.6 ಆಯಿತು. ಗಾತ್ರ ನೋಡದೆ ಪುಸ್ತಕ ನೋಡಿ ಕತ್ತರಿಸಿದ್ದು ನನ್ನದೇ ತಪ್ಪು.

ಅದನ್ನು ಇನ್ನೊಮ್ಮೆ ಕತ್ತರಿಸುತ್ತೇನೆಂದಾಗ, ಬರೆದವರು ಮೂರೇ ಭಾಗ ಮಾಡಿದಾರೆ, ನಾಲ್ಕನೇದು ಮಾಡೋಕೆ ನಾವ್ಯಾರೇ ಅಂತ ಕೇಳಿದಳು. ಡಬ್ಬಿಗೆ ಹಿಡಿಸಲಿಲ್ಲ ಅಂತ ಕಥೆ ಕುಯ್ತೀಯಾ, ದೊಡ್ಡ ಡಬ್ಬಿ ತಾ ಅಂತಲೂ ಅಂದಳು. ಸಂಜೆ ಬೇರೆ ಡಿಸ್ಕ್ ತರುವುದೆಂದು ನಿಶ್ಚಯಿಸಿದೆವು. 1.10ಕ್ಕೆ ಅವಳನ್ನು 600 ಮೀಟರ್ ದೂರದ ಆಸ್ಪತ್ರೆಗೆ ಸೇರಿಸಲು ಹೊರಟೆ. ಧ್ವನಿಮುದ್ರಣ ಕೊಠಡಿಯ ಬಾಗಿಲಿಗೆ ಬೀಗ ಹಾಕಿದ್ದೆ. 2.05ಕ್ಕೆ ಮರಳಿದಾಗ ಬೀಗ ಮುರಿದಿತ್ತು, ಕಂಪ್ಯೂಟರ್ ಇರಲಿಲ್ಲ. ಹೊರಗಿನ ಡಿಸ್ಕ್ ನನ್ನ ಚೀಲದಲ್ಲಿತ್ತು. ಕೂಡಲೇ ಠಾಣೆಗೆ ಬಂದು ದೂರು ಕೊಟ್ಟೆ.

4.20ಕ್ಕೆ ತಾವು ಹಳೆ ಸಾಮಾನಿನ ಅಂಗಡಿಯಿಂದ ತಂದು ತೋರಿಸಿದ ಕಂಪ್ಯೂಟರ್ ನಮ್ಮದೇ. ಅಂಗಡಿಯವರು ತಮ್ಮದೆನ್ನುತ್ತಾರೆ. ಅದರಲ್ಲಿ ಮೂರು ಭಾಗಗಳಿರಬೇಕು. ಮೊದಲೆರಡು ನನ್ನ ಡಿಸ್ಕ್‌ನಲ್ಲಿರುವುದಕ್ಕೆ ಅಕ್ಷರಶಃ ಹೊಂದುತ್ತವೆ. ಮೂರನೆಯದರಲ್ಲಿ ಓದುವವಳ ದನಿ ಒಡೆದಿದೆ. 26ನೆಯ ಅಧ್ಯಾಯದಲ್ಲಿ ಅವಳು ಕೆಮ್ಮಿ, ಕ್ಷಮಿಸಿ ಮಕ್ಕಳೇ, ಎಂದು ಹೇಳಿ ಮುಂದುವರಿಸುತ್ತಾಳೆ. ಅದನ್ನು ನಾನು ಅಳಿಸಿಲ್ಲ. ಈ ಕೆಮ್ಮು ಎಲ್ಲಿ ಬರುತ್ತದೆಂದು ಅಂಗಡಿಯವರನ್ನು ಕೇಳಿ ನೋಡಬಹುದು.

ಅಕ್ಕನಿಗೆ 4.45ಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಸಿಕ್ಕರೆ ಎಲ್ಲಿ ಬೇಕಾದರೂ ಕತ್ತರಿಸ್ಕೋ ಕಣೇ, ನಂದೇನೂ ಇಲ್ಲ ಅಂದಳು.

ಕಂಪ್ಯೂಟರನ್ನು ಸಾಕ್ಷ್ಯಕ್ಕಾಗಿ ಎಷ್ಟು ದಿನವಾದರೂ ಇಟ್ಟುಕೊಳ್ಳಿ. ಅದರಲ್ಲಿರುವುದನ್ನು ಯಾರೂ ಅಳಿಸದಂತೆ ನೋಡಿಕೊಂಡು, ಇಂದೇ ತಮ್ಮ ಎದುರಿನಲ್ಲಿ ಮೂರನೆಯ ಭಾಗವನ್ನು ನಕಲು ಮಾಡಿಕೊಳ್ಳಲು ಬಿಡಬೇಕೆಂದು ಕೋರುತ್ತೇನೆ. ದೊಡ್ಡ ಕಡತ ಹಿಡಿಯುವ ಹಾಗೆ ಸಿದ್ಧಪಡಿಸಿದ ಹೊಸ ಡಿಸ್ಕ್ ತಂದಿದ್ದೇನೆ. ಎಲ್ಲಿಯೂ ಕತ್ತರಿಸುವುದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 14, ಸಂಜೆ 5.30
ಹೇಳಿಕೆ ಕೊಟ್ಟವರ ಸಹಿ